ತಗಡಿನ ಕಿಂಡಿ

ಮಾಗಡಿ ದಾಟಿದ ಕೂಡಲೇ ಬೈರಮ್ಮ ಸೆರಗಿನಡಿಯಿಂದ ಒದ್ದೆ ಬಟ್ಟೆ ತೆಗೆದು ತಗಡಿನ ಕಿಂಡಿಗೆ ತುರುಕಿದಳು. ಪಕ್ಕದಲ್ಲೇ ಗಂಡ ದಾಸಪ್ಪ ಮೋಟಾರ್ ಸೈಕಲ್ ಓಡಿಸುತ್ತಿದ್ದ. ಅವನ ಕಣ್ಣು ರಸ್ತೆಯ ಮೇಲಿತ್ತು.

ಇದು ಕಳ್ಳತನವೇ, ಅನುಮಾನ ಬೇಡ. ಇಂಜಿನ್ ಕಾದು ಗಾಡಿ ನಿಂತರೆ ಮಾತ್ರ ಅವಳಿಗೆ ಮಗಳ ಮುಖ ಕಾಣುತ್ತಿತ್ತು.

ಬೈರಮ್ಮನ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಡಯಾಲಿಸಿಸ್‌ಗೆಂದು ವಾರಕ್ಕೆರಡು ಸಲ ಕುದೂರಿನ ಕಡೆಯಿಂದ ರಾಮನಗರಕ್ಕೆ ಹೋಗಬೇಕು. ಬಸ್ಸಿನ ಮೆಟ್ಟಿಲು ಹತ್ತುವ ಶಕ್ತಿ ಕಾಲಿಗಿಲ್ಲ. ದಾಸಪ್ಪ ತನ್ನ ಹಳೇ ಮೋಟಾರ್ ಸೈಕಲ್ಲಿಗೆ ಪಕ್ಕದಲ್ಲೊಂದು ಸೀಟು, ಮೂರನೇ ಚಕ್ರ ಬೆಸೆಸಿದ. ಇಂಜಿನ್ನಿನ ಶಾಖ ಅವಳ ಕಾಲಿಗೆ ತಾಗದಿರಲೆಂದು ನಡುವೆ ತಗಡು ಹೊಡೆಸಿದ. ಇಂಜಿನ್ನಿಗೆ ಗಾಳಿಯಾಡಲೆಂದು ತಗಡಿಗೊಂದು ಕಿಂಡಿ ಕೊರೆಸಿದ.

ಒಂಟಿ ಎತ್ತಿಗೆ ಜೋಡೆತ್ತಿನ ಹೊರೆ ಹೇರಿದಂತಾಯಿತು. ಇಂಜಿನ್ ಕಾಯತೊಡಗಿತು. ಚಳಿಗಾಲದಲ್ಲಿ ಒಂದು ದಿನ ಏರು ಹತ್ತುವಾಗ ಏದುಸಿರು ಬಿಟ್ಟು ನಿಂತೇಹೋಯಿತು. ನಿಂತದ್ದು ರಾಧಾಮಣಿಯ ಮನೆ ಮುಂದೆ!

ರಾಧಾಮಣಿ ಇವರ ಒಬ್ಬಳೇ ಮಗಳು. ಕುರಿ ಸಾಕುವವರ ಮನೆಯ ಮುತ್ತುರಾಜುವನ್ನು ತಾನೇ ಒಪ್ಪಿ ಮದುವೆಯಾಗಿದ್ದಳು. ಅವತ್ತೇ ದಾಸಪ್ಪ ನೆಂಟರನ್ನೆಲ್ಲ ಮನೆದೇವರ ಗುಡಿಗೆ ಕರೆದು ಕರ್ಪೂರ ಹಚ್ಚಿ ಆಣೆ ಮಾಡಿದ. ಅವಳ ಹೊಸಲು ತುಳಿಯುವುದಿಲ್ಲ, ಅವಳ ಮನೆಯ ನೀರು ಬಾಯಿಗೆ ಹಾಕುವುದಿಲ್ಲ, ಅವಳ ಜೊತೆ ಮಾತಿಲ್ಲ. ಬೈರಮ್ಮನ ಕೈಯಲ್ಲೂ ಕರ್ಪೂರ ಹಚ್ಚಿಸಿದ. ಆ ಸೀಮೆಯಲ್ಲಿ ಕರ್ಪೂರ ಹಚ್ಚಿ ಆಡಿದ ಮಾತನ್ನು ಮುರಿಯುವ ಎದೆ ಯಾರಿಗೂ ಇಲ್ಲ. ಆದರೆ ಗಾಡಿಯ ಕೈಯಲ್ಲಿ ಯಾರೂ ಆಣೆ ಮಾಡಿಸಿರಲಿಲ್ಲವಲ್ಲ! ಗಾಡಿ ನಿಲ್ಲಬಹುದು, ನೀರು ಕೇಳಬಹುದು.

ಅಂದಿನಿಂದ ಬೈರಮ್ಮ ಕಿಂಡಿಗೆ ಬಟ್ಟೆ ತುರುಕುತ್ತಿದ್ದಳು. ಮೊದಮೊದಲು ಗಾಡಿ ಒಂದು ಫರ್ಲಾಂಗು ಹಿಂದೆಯೋ ಮುಂದೆಯೋ ನಿಂತು ಅವಳ ಹೊಟ್ಟೆ ಉರಿಸುತ್ತಿತ್ತು. ಈಗೀಗ ಹದ ಕೈಗೆ ಹತ್ತಿತ್ತು. ಸರಿಯಾಗಿ ಮಗಳ ಮನೆಯ ಬೇಲಿಯ ಮುಂದೆಯೇ ನಿಲ್ಲುತ್ತಿತ್ತು. ಆ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ.

ಇವತ್ತೂ ಅಲ್ಲೇ ನಿಂತಿತು.

"ಕಾದ್ಬುಟ್ಟೈತೆ ಮುಂಡೇದು," ಎಂದು ದಾಸಪ್ಪ ಕೀಲಿ ತಿರುಗಿಸಿ ಇಳಿದ. ಹುಣಸೇಮರದ ಕೆಳಗೆ ಹೋಗಿ ಮನೆಗೆ ಬೆನ್ನು ಹಾಕಿ ಬೀಡಿ ಹಚ್ಚಿದ. ಮೊದಲೆಲ್ಲ ಒಂದೇ ಬೀಡಿ ಸೇದುತ್ತಿದ್ದ. ಈಗ ಎರಡು ಮುಗಿಯುವ ತನಕ ಏಳುವುದಿಲ್ಲ. ಮುದುಕನಿಗೆ ಚಟ ಹೆಚ್ಚಾಗಿದೆ ಎಂದುಕೊಂಡಳು ಬೈರಮ್ಮ.

ರಾಧಾಮಣಿ ಬಿಂದಿಗೆ ಹಿಡಿದು ಬಂದಳು. ತುಂಬು ತಿಂಗಳ ಬಸುರಿ. ಬಗ್ಗಲಾರದೆ ಬಗ್ಗಿ ತಗಡಿನ ಮೇಲೆ ನೀರು ಚಿಮುಕಿಸಿದಳು.

"ಗಾಡಿ ಹೆಂಗೈತೆ?" ಎಂದು ಇಂಜಿನ್ನನ್ನು ಕೇಳಿದಳು.

"ರಾತ್ರಿಯೆಲ್ಲ ಉಸಿರು ಕಟ್ಟಿತ್ತು. ಈಗ ಒಸಿ ವಾಸಿ," ಬೈರಮ್ಮನೂ ಇಂಜಿನ್ನಿಗೇ ಹೇಳಿದಳು. "ಈ ಮನೆಗೆ ಹೊಸ ಗಾಡಿ ಬತ್ತದಂತಲ್ಲ, ಯಾವಾಗ?"

"ಇದೇ ವಾರದಲ್ಲಿ ಅಂದವ್ರೆ ಡಾಕ್ಟ್ರು. ಹಳೇ ಗಾಡಿ ಬಂದು ನೋಡ್ಬೇಕು, ತಪ್ಪಿಸ್ಬಾರ್ದು."

ಇಬ್ಬರ ಕಣ್ಣಲ್ಲೂ ನೀರಾಡಿತು. ಅಷ್ಟರಲ್ಲಿ ದಾಸಪ್ಪ ಕೆಮ್ಮಿದ. ರಾಧಾಮಣಿ ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು.

ಗಾಡಿ ಹತ್ತುತ್ತಾ ದಾಸಪ್ಪ ಅಂದ, "ಇವತ್ತು ಗ್ಯಾರೇಜ್ ಮತೀನ್ ತಾವ ಬುಡ್ಬೇಕು ಗಾಡಿಯ. ಹಿಂಗೇ ಬುಟ್ಕಂಡಿದ್ರೆ ಆಗಾಕಿಲ್ಲ."

ಬೈರಮ್ಮ ಸೆರಗು ಎಳೆದು ಕಿಂಡಿಗೆ ಮರೆ ಮಾಡಿದಳು.

ಆಸ್ಪತ್ರೆಯ ಮಂಚದ ಮೇಲೆ, ಯಂತ್ರ ರಕ್ತ ತೊಳೆಯುತ್ತಿದ್ದಷ್ಟು ಹೊತ್ತೂ ಅದೇ ಯೋಚನೆ. ಮತೀನ್ ಕಿಂಡಿ ನೋಡುತ್ತಾನೆ, ಬಟ್ಟೆ ಕಾಣುತ್ತಾನೆ, ಗಂಡನಿಗೆ ಹೇಳುತ್ತಾನೆ. ಗಾಡಿ ಇನ್ನು ನಿಲ್ಲುವುದಿಲ್ಲ. ಅವಳ ಜೊತೆ ಇಲ್ಲಿಗೆ ಬರಲು ಶುರುಮಾಡಿದವರಲ್ಲಿ ಎಷ್ಟೋ ಜನ ಈಗ ಇಲ್ಲ. ತನ್ನ ಸರದಿಯೂ ಬರುತ್ತದೆಂದು ಗೊತ್ತಿತ್ತು. ಸಾವಿಗೆ ಅವಳೇನೂ ಹೆದರಿರಲಿಲ್ಲ. ಮೊಮ್ಮಗುವಿನ ಮುಖ ನೋಡದೆ ಸಾಯಲು ಮಾತ್ರ ಮನಸ್ಸಿರಲಿಲ್ಲ.

ಡಯಾಲಿಸಿಸ್ ಮುಗಿದ ಮೇಲೆ ದಾಸಪ್ಪ ಅವಳನ್ನು ಮತೀನನ ಗ್ಯಾರೇಜಿನ ನೆರಳಲ್ಲಿ ಕೂರಿಸಿ ಮಾತ್ರೆ ತರಲು ಹೋದ. ಮತೀನ್ ಹಿಂದಿನ ಚಕ್ರ ಬಿಚ್ಚಿಕೊಂಡು ಕೂತಿದ್ದ. ಬೈರಮ್ಮ ಸುತ್ತ ನೋಡಿದಳು. ಗಂಡ ಬರುವುದರೊಳಗೆ ಹೇಳಿಬಿಡಬೇಕು.

"ಮತೀನಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ. ಅದುನ್ನ ಸರಿ ಮಾಡ್ಬ್ಯಾಡ. ಕಾದ್ರೆ ಕಾಯ್ಲಿ, ಹಂಗೇ ಬುಟ್ಬುಡು." ಅಳುತ್ತಲೇ ಎಲ್ಲ ಹೇಳಿದಳು. ಮಗಳು, ಕರ್ಪೂರ, ಕಿಂಡಿ, ಬಟ್ಟೆ, ಯಾವುದನ್ನೂ ಮುಚ್ಚಿಡಲಿಲ್ಲ.

ಮತೀನ್ ಸ್ಪ್ಯಾನರ್ ಕೆಳಗಿಟ್ಟ.

"ಅಮ್ಮಾ, ಇವತ್ತು ಬಂದಿರೋದು ಬ್ರೇಕಿನ ಕೆಲಸಕ್ಕೆ. ಕಾಯೋದನ್ನ ನಾನು ಉಗಾದಿಗೆ ಮುಂಚೇನೇ ಸರಿ ಮಾಡ್ಕೊಟ್ಟಿದೀನಿ. ಇಲ್ನೋಡಿ, ಇಂಜಿನ್ ತಣ್ಣಗಿರ್ಲಿ ಅಂತ ಮುಂದೆ ಆಯಿಲ್ ಕೂಲರ್ ಕೂರ್ಸಿದೆ. ನಿಮ್ಮ ಯಜಮಾನ್ರೇ ಬಂದು ಹೇಳಿದ್ರು, 'ಅವಳು ಕಿಂಡಿಗೆ ಬಟ್ಟೆ ತುರುಕ್ತಾಳೆ, ತುರುಕ್ಕೊಳ್ಲಿ, ಅವಳಿಗೇನೂ ಅನ್ಬ್ಯಾಡ. ಎಲ್ಲೆಲ್ಲೋ ಕೆಟ್ಟು ನಿಂತು ಆಸ್ಪತ್ರೆಗೆ ತಡ ಆಗ್ಬಾರ್ದು. ಕಿಂಡಿ ಮುಚ್ಚಿದ್ರೂ ಕಾಯದಂಗೆ ಮಾಡ್ಕೊಡು' ಅಂತ."

ಬೈರಮ್ಮನಿಗೆ ಅರ್ಥವಾಗಲಿಲ್ಲ.

"ಅದೆಂಗಪ್ಪಾ? ಈವತ್ತು ಬೆಳಿಗ್ಗೇನೂ ನಿಂತ್ಕತಲ್ಲ, ನನ್ನ ಮಗಳ ಮನೆ ಮುಂದೇನೇ?"

"ಗಾಡಿ ನಿಲ್ಲಾಕಿಲ್ಲ ಅಮ್ಮಾ," ಎಂದ ಮತೀನ್. "ಯಜಮಾನ್ರು ನಿಲ್ಲಿಸ್ತಾರೆ."