ಕಣಿವೆಯ ಜಲ್ಲಿ ದಾರಿ

ಆಲ್ಪ್ಸ್ ಕಣಿವೆಗೆ ಇಳಿಯುವ ಜಲ್ಲಿ ದಾರಿ. ಊರಿನಿಂದ ಟೂರ್ ಬಂದವರೆಲ್ಲ ಬಾಡಿಗೆ ಸೈಕಲ್ ಹಿಡಿದು ನಿಂತಿದ್ದರು.

"ಹುಷಾರು, ಜಾರಿದ್ರೆ ಸೀದಾ ಪ್ರಪಾತ," ಎಂದು ಎಚ್ಚರಿಸಿ, ಟೂರ್ ಕಂಪನಿಯ ಕನ್ನಡದ ಗೈಡ್ ಮೊದಲು ಇಳಿದ.

ಕಪ್ಪು ಕನ್ನಡಕದ ದಪ್ಪ ಮೀಸೆಯವರು ಪಕ್ಕದ ಹೆಂಗಸಿಗೆ ಹೇಳಿದರು: "ನೀವು ವ್ಯಾನಲ್ಲಿ ಬನ್ನಿ ಮೇಡಂ. ಇದೆಲ್ಲ ನಿಮ್ ಕೈಲಾಗಲ್ಲ."

ಆಕೆ ಪೆಡಲ್ ತುಳಿದಳು. ಗುಂಡಿ ತಪ್ಪಿಸಿ, ಕಲ್ಲು ಬಳಸಿ, ಸಡಿಲ ಜಲ್ಲಿಯ ಮೇಲೆ ಸಲೀಸಾಗಿ ಇಳಿದುಹೋದಳು.

ಮೀಸೆಯವರು ಮೊದಲ ತಿರುವಿನಲ್ಲೇ ಬಿದ್ದರು. ಎದ್ದು ಹತ್ತಿ ಮತ್ತೆ ಬಿದ್ದರು. "ಇಷ್ಟು ದುಡ್ಡಿರೋ ದೇಶ, ಒಂದಿಷ್ಟು ಡಾಂಬರು ಹಾಕಕ್ಕಾಗಲ್ವೇನ್ರೀ ಇವರಿಗೆ?" ಎಂದು ಕೂಗಾಡಿದರು. ಕೂಗು ಕೆಳಗಿನವರೆಗೂ ಕೇಳಿಸಿತು.

ಕೆಳಗೆ ಕಾಯುತ್ತಿದ್ದ ಗೈಡ್ ಬೆರಗಾಗಿದ್ದ. "ಯಾವ ಕ್ಲಬ್ಬು ಮೇಡಂ ನಿಮ್ದು?"

"ಕ್ಲಬ್ಬೂ ಇಲ್ಲ, ಗಿಬ್ಬೂ ಇಲ್ಲ. ದಿನಾ ಸ್ಕೂಟರಲ್ಲಿ ಮಗಳನ್ನ ಸ್ಕೂಲಿಗೆ ಬಿಡ್ತೀನಿ, ಅಷ್ಟೇ."

"ಸುಮ್ನಿರಿ ಮೇಡಂ! ಇಷ್ಟು ಚೆನ್ನಾಗಿ ಪ್ರಾಕ್ಟೀಸ್ ಮಾಡಿಸಿದ್ದು ಯಾರು, ಹೇಳಿ."

ಸೈಕಲ್ ತಳ್ಳಿಕೊಂಡು ಕುಂಟುತ್ತ ಬರುತ್ತಿದ್ದ ಮೀಸೆಯವರತ್ತ ಆಕೆ ಕೈ ತೋರಿಸಿದಳು.

"ಅಗೋ, ಅವರೇ. ನಮ್ಮ ವಾರ್ಡಿನ ಕಾರ್ಪೊರೇಟರ್ರು."