ಹತ್ತಿ ತುರುಕಿದ ಡಬ್ಬಿ

ಅತ್ತೆ ಅಂದು ಅಷ್ಟು ಜೋರಾಗಿ ಕೇಳಿರಲೇ ಇಲ್ಲವೇನೋ, ಹೆದರಿಕೆಗೆ ನನಗೇ ಹಾಗೆ ಕೇಳಿಸಿತೇನೋ. ಇವತ್ತು ವಿಟಮಿನ್ ಡಬ್ಬಿ ತೆರೆದಾಗ ಒಳಗಿನ ಹತ್ತಿಯ ವಾಸನೆಗೆ ಆ ಮಧ್ಯಾಹ್ನ ನೆನಪಾಗುತ್ತಿದೆ. ಆಗೆಲ್ಲ ಅಮ್ಮ ತನ್ನ ಮಾತ್ರೆ ಡಬ್ಬಿಯ ಚೀಟಿ ಕಿತ್ತು, ಸದ್ದಾಗದಂತೆ ಹತ್ತಿ ತುರುಕುತ್ತಿದ್ದಳು. ಯಾರಾದರೂ ಕೇಳಿದರೆ ಶುಗರ್ ಮಾತ್ರೆ ಅನ್ನಬೇಕೆಂದು ಹೇಳಿಕೊಟ್ಟಿದ್ದಳು.

ಅಪ್ಪ ಹೋದ ಮೇಲೆ ನಾವಿದ್ದದ್ದು ಅವರಕ್ಕ, ಅಂದರೆ ಈ ಅತ್ತೆ, ಕೋಗಿಲು ಬಡಾವಣೆಯಲ್ಲಿ ಕಟ್ಟಿಸಿದ್ದ ಮನೆಯಲ್ಲಿ. ಅಂದು ತಾರಸಿಯ ಮೇಲೆ ಅಮ್ಮ ಹಪ್ಪಳದ ಹಿಟ್ಟನ್ನು ಉಂಡೆ ಮಾಡುತ್ತಿದ್ದಳು, ಅತ್ತೆ ಲಟ್ಟಿಸುತ್ತಿದ್ದರು. ಅಮ್ಮನ ಚೀಲ ಸರಿಸುವಾಗ ಡಬ್ಬಿ ಅತ್ತೆಯ ಕೈಗೆ ಸಿಕ್ಕಿತು. ಪಕ್ಕದಲ್ಲೇ ಕೂತಿದ್ದ ನನ್ನನ್ನು ಕೇಳಿದರು.

“ಇದ್ಯಾವ ಮಾತ್ರೇನೇ, ನಿಮ್ಮಮ್ಮಂದು?”

“ಬಿಪಿದು,” ಎಂದು ಬಾಯಿತಪ್ಪಿ ಅಂದುಬಿಟ್ಟೆ.

“ಹೋದ್ಸಲ ಶುಗರ್ ಅಂದ್ಲಲ್ಲ! ತಾಯಿ ಮಗಳು ಸೇರ್ಕೊಂಡು ನನಗೇ ಕಥೆ ಕಟ್ತೀರಾ?”

ಇನ್ನು ಮನೆ ಬಿಡಿಸುತ್ತಾರೆ ಅಂದುಕೊಂಡೆ. ಅಮ್ಮ ಕೈ ನಿಲ್ಲಿಸಲಿಲ್ಲ.

“ಎರಡೂ ಅಲ್ಲಕ್ಕ. ನಂಗೆ ಎಚ್‌ಐವಿ ಇದೆ. ಮುಟ್ಟಿದ್ರೆ ಬರಲ್ಲ. ಭಯ ಆದ್ರೆ ಬಿಡಿ, ನಾನೇ ಲಟ್ಟಿಸ್ಕೋತೀನಿ.”

ಅತ್ತೆ ಡಬ್ಬಿಯನ್ನು ಅಮ್ಮನ ಚೀಲಕ್ಕೆ ವಾಪಸ್ ಹಾಕಿದರು. ಆಮೇಲೆ ಅಮ್ಮ ಮುಂದಿಟ್ಟ ಉಂಡೆ ತೆಗೆದುಕೊಂಡರು. ಮನೆ ಬಿಡಿಸಲಿಲ್ಲ. ಹಪ್ಪಳ ಒಣಗಿದ ಮೇಲೆ ತಮ್ಮ ಪಾಲನ್ನು ಒಳಗೆ ಒಯ್ದರು. ಅದನ್ನು ಕರಿದು ತಿಂದರೋ, ಕಣ್ಣಿಗೆ ಬೀಳದಂತೆ ಎಸೆದರೋ ನನಗೆ ಗೊತ್ತಿಲ್ಲ.