ಭುಜವೋ, ಬೆಲ್ಟೋ?

"ಇನ್ನು ನನ್ನ ಕೈಲಿ ಆಗಲ್ಲ. ಬರೆದೂ ಆಯ್ತು," ಎಂದು ಶಾಲಾ ವ್ಯಾನಿನ ಚಾಲಕ ಜೇಬಿನಿಂದ ರಾಜೀನಾಮೆ ಪತ್ರವನ್ನು ಅರ್ಧ ಹೊರಗೆಳೆದು ತೋರಿಸಿದ. ಹದಿನೈದು ದಿನಗಳಿಂದ ಅವನಿಗೆ ಸ್ಟೇರಿಂಗ್ ಕಲ್ಲಿನಷ್ಟು ಭಾರ. ಅದೇ ವ್ಯಾನನ್ನು ಸಂಜೆ ಹೆದ್ದಾರಿಯಲ್ಲಿ ಓಡಿಸುವ ಭಾವಮೈದುನನಿಗೆ ಮಾತ್ರ ಹೂವಿನಷ್ಟು ಹಗುರ.

"ವ್ಯಾನಿಗೇನೂ ಆಗಿಲ್ಲ ಭಾವ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಭಾವಮೈದುನ ನಕ್ಕ.

ಗ್ಯಾರೇಜಿನ ಮೆಕ್ಯಾನಿಕ್ ಹೆಂಗಸು ಇಬ್ಬರ ಮಾತಿಗೂ ಕಿವಿಗೊಡಲಿಲ್ಲ. ಸ್ಟೇರಿಂಗ್ ಎಣ್ಣೆಯ ಡಬ್ಬಿ ನೋಡಿದಳು. ಎಣ್ಣೆ ಗೆರೆಯವರೆಗೂ ಇತ್ತು. "ಇಂಜಿನ್ ಸ್ಟಾರ್ಟ್ ಮಾಡಿ. ಆಕ್ಸಿಲರೇಟರ್ ಒತ್ತದೆ ತಿರುಗಿಸಿ."

ಚಾಲಕ ಹಲ್ಲು ಕಚ್ಚಿ ಎಳೆದ. ಬಾನೆಟ್ಟಿನಡಿ ಏನೋ ಕೀಚ್ ಎಂದಿತು.

"ಈಗ ಒತ್ತಿ, ತಿರುಗಿಸಿ."

ಸ್ಟೇರಿಂಗ್ ಸಲೀಸಾಗಿ ಸುತ್ತಿತು. ಅವನು ತನ್ನ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿಕೊಂಡ. ನಿಮಿಷದೊಳಗೆ ಬಲ ಹೋಗಿ ಬರುವುದುಂಟೆ?

"ಗಾಲಿ ತಿರುಗಿಸೋದು ನೀವಲ್ಲ ಅಣ್ಣ, ಎಣ್ಣೆ," ಎಂದಳು ಆಕೆ. "ಇಂಜಿನ್ನಿನ ಬೆಲ್ಟು ಪಂಪನ್ನ ಓಡಿಸುತ್ತೆ, ಪಂಪು ಎಣ್ಣೇನ ಒತ್ತುತ್ತೆ, ಎಣ್ಣೆ ಗಾಲೀನ ತಳ್ಳುತ್ತೆ. ಯಾವ ಕಡೆಗೆ ಅಂತ ಹೇಳೋದಷ್ಟೇ ನಿಮ್ಮ ಕೈ. ಬೆಲ್ಟು ಸಡಿಲ ಆಗಿದೆ, ಇಂಜಿನ್ ಮೆಲ್ಲಗಿದ್ರೆ ಜಾರುತ್ತೆ."

"ಇವನಿಗೆ ಜಾರಲ್ವಾ?"

"ಹೆದ್ದಾರೀಲಿ ತಿರುಗಿಸೋದೇ ಎಷ್ಟು? ಮಕ್ಕಳ ಮನೆಗಳ ಗಲ್ಲೀಲಿ ಹಿಂದೆಮುಂದೆ ಮಾಡೋರು ನೀವು ತಾನೆ."

ಭಾವಮೈದುನ ತಲೆ ಕೆರೆದುಕೊಂಡ. ಚಾಲಕ ಪತ್ರವನ್ನು ನಾಲ್ಕು ಚೂರು ಮಾಡಿದ.

ಆಕೆ ಬೆಲ್ಟ್ ಬಿಗಿ ಮಾಡಿದಳು. ಈಗ ಆಕ್ಸಿಲರೇಟರ್ ಒತ್ತದೆಯೂ ಸ್ಟೇರಿಂಗ್ ಬೆಣ್ಣೆಯಂತೆ ಸುತ್ತಿತು. ಅವನು ಖುಷಿಯಿಂದ ಅತ್ತ ಸುತ್ತಿದ, ಇತ್ತ ಸುತ್ತಿದ. ಆಕೆ ಕೈ ಒರೆಸಿಕೊಳ್ಳುತ್ತ ಕಿಟಕಿಯ ಬಳಿ ನಿಂತು ನೋಡಿದಳು. ಸುತ್ತುತ್ತಿದ್ದುದು ಎಡಗೈ ಒಂದೇ. ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು, ಬಲ ಭುಜ ಅಲುಗುತ್ತಲೇ ಇರಲಿಲ್ಲ.

"ಬಲಗೈ?"

"ಇಷ್ಟು ಹಗುರ ಇದ್ಮೇಲೆ ಯಾವ ಕೈ ಆದ್ರೇನಮ್ಮ?"

ಆಕೆ ಕಿಟಕಿಯೊಳಗೆ ಬಾಗಿದಳು. "ದಾರೀಲಿ ಇಂಜಿನ್ ನಿಂತ್ರೆ ಪಂಪೂ ನಿಲ್ಲುತ್ತೆ ಅಣ್ಣ. ಎಣ್ಣೆ ಸಹಾಯಕ್ಕೆ ಬರಲ್ಲ. ಒಂದ್ಸಲ ಇಂಜಿನ್ ಆಫ್ ಮಾಡಿ, ಎರಡೂ ಕೈ ಹಾಕಿ ಒಂದು ಗೇಣು ತಿರುಗಿಸಿ. ಅಷ್ಟನ್ನ ನಾನೂ ತಿರುಗಿಸಬಲ್ಲೆ."

ಚಾಲಕ ಎಡಗೈಯನ್ನು ಅಡ್ಡ ಚಾಚಿ ಬಲಪಕ್ಕದ ಕೀಲಿ ಹಿಡಿದ.

"ಆಫ್ ಮಾಡಿ ಭಾವ," ಎಂದ ಭಾವಮೈದುನ. ಈ ಸಲ ನಗಲಿಲ್ಲ.

ಹಿಂದಿನ ಸೀಟಿನಲ್ಲಿ ಯಾವುದೋ ಮಗು ಮರೆತುಹೋದ ನೀರಿನ ಬಾಟಲಿಯೊಂದು ಇಂಜಿನ್ನಿನ ನಡುಕಕ್ಕೆ ಟಕಟಕ ಎನ್ನುತ್ತಿತ್ತು. ಮೂವರೂ ಅದು ನಿಲ್ಲುವುದನ್ನೇ ಕಾದರು. ಚಾಲಕ ಕೀಲಿ ತಿರುಗಿಸಲಿಲ್ಲ, ಅದೂ ನಿಲ್ಲಲಿಲ್ಲ.